ಗಿರಿರಾಜನ ಮರಿಗಳು

ಪೇಟೆಯ ಕೋಳಿ ಅಂಗಡಿಗಳ ಮುಂದೆ ಸೀಮೆಸುಣ್ಣದಲ್ಲಿ ಬರೆದ ಕರಿಹಲಗೆಯೊಂದು ತೂಗುತ್ತಿರುವುದನ್ನು ಕುಂದಾಪುರದಲ್ಲಾಗಲಿ ಬ್ರಹ್ಮಾವರದಲ್ಲಾಗಲಿ ತಾವೆಲ್ಲರೂ ಕಂಡಿರುತ್ತೀರಿ. ಬಾಯ್ಲರ್, ಟೈಸನ್, ಗಿರಿರಾಜ, ಊರ ಕೋಳಿ ಎಂದು ಒಂದರ ಕೆಳಗೊಂದು ಹೆಸರು. ಎದುರಿಗೆ ಕಿಲೋ ಒಂದರ ಬೆಲೆ. ಕೊಳ್ಳುವವರು ಬೆಲೆಯನ್ನು ನೋಡುತ್ತಾರೆ, ಸುಕ್ಕಕ್ಕೆ ಯಾವುದು, ಘೀ ರೋಸ್ಟಿಗೆ ಯಾವುದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಆದರೆ ಆ ಹಲಗೆಯ ಮೇಲಿರುವುದು ಬರೀ ಬೆಲೆಯ ಪಟ್ಟಿಯಲ್ಲ, ಒಂದು ರೀತಿಯಲ್ಲಿ ಅದು ವಂಶಾವಳಿಯ ಪಟ್ಟಿ. ಒಂದು ಕೋಳಿ ಆರು ವಾರದಲ್ಲಿ ಎರಡು ಕಿಲೋ ಮೀರುವುದಕ್ಕೂ ಇನ್ನೊಂದು ಕೋಳಿ ಆರು ತಿಂಗಳಾದರೂ ಒಂದೂವರೆ ಕಿಲೋ ಮುಟ್ಟಲು ಒದ್ದಾಡುವುದಕ್ಕೂ ಹಾಕಿದ ಕಾಳು ಮಾತ್ರ ಕಾರಣವಲ್ಲ. ಅದರ ತಂದೆತಾಯಿಗಳು ಯಾರು ಎಂಬುದು ದೊಡ್ಡ ಕಾರಣ. ಈ ವಿಚಾರವಾಗಿ ತಮ್ಮೊಡನೆ ನಾಲ್ಕು ಮಾತನಾಡಬೇಕೆಂದು ನನಗೆ ತೋರಿದ್ದು ಒಂದು ಮನೆಯ ಹಿತ್ತಲಿನಲ್ಲಿ.

ಕೆಲವು ವರ್ಷಗಳ ಹಿಂದಿನ ಮಾತು. ಬೈಂದೂರಿನ ಕಡೆ, ನಾವುಂದದ ಆಸುಪಾಸಿನ ಒಂದು ಮನೆಗೆ ದನಕ್ಕೆ ಮದ್ದು ಕೊಡಲೆಂದು ಹೋಗಿದ್ದೆ. ದನ ನೋಡಿ ಮುಗಿಯಿತು, ಕೈ ತೊಳೆದೂ ಆಯಿತು. ಆ ಮನೆಯ ಅಮ್ಮ ಮಾತ್ರ ನನ್ನನ್ನು ಬಿಡಲಿಲ್ಲ. ಹಿತ್ತಲಿಗೆ ಕರೆದೊಯ್ದು ತಮ್ಮ ಕೋಳಿಗಳನ್ನು ತೋರಿಸಿದರು. ಒಂದೇ ಹೇಂಟೆಯ ಅಡಿಯಲ್ಲಿ ಒಂದೇ ದಿನ ಒಡೆದ ಮರಿಗಳಂತೆ. ಆದರೆ ಒಂದು ಎತ್ತರವಾಗಿ ಕಾಲು ಚಾಚಿ ನಿಂತಿದೆ, ಇನ್ನೊಂದು ಅಂಗೈಯಲ್ಲಿ ಹಿಡಿಸುವಷ್ಟಿದೆ, ಮತ್ತೊಂದಕ್ಕೆ ಮೈ ಇದೆ, ಗರಿಯೇ ಸರಿಯಾಗಿ ಬಂದಿಲ್ಲ. “ಹೋಯ್ ಡಾಕ್ಟ್ರೇ, ಇದ್ರ ಅಜ್ಜಿ ಆನಿ ಕಣಗೆ ಇತ್ತ್. ಈಗ ಕಾಣಿ, ಒಂದ್ ಗುಬ್ಬಿ ಕಣಗೆ, ಒಂದ್ ಕೊಕ್ಕರೆ ಕಣಗೆ. ಎಂತ ಆಯ್ತ್ ಮಾರಾಯ್ರೆ?” ಎಂದು ಕೇಳಿದರು.

ಆದದ್ದು ಇಷ್ಟು. ಅವರು ಇಪ್ಪತ್ತು ಗಿರಿರಾಜ ಮರಿಗಳನ್ನು ತಂದು ಸಾಕಿದ್ದರು. ಚೆನ್ನಾಗಿ ಬಂದವು. ಹುಂಜಗಳನ್ನೆಲ್ಲ ದೀಪಾವಳಿಯ ಹೊತ್ತಿಗೆ ಮಾರಿ, ಎರಡು ದಪ್ಪ ಹೇಂಟೆಗಳನ್ನು ಮೊಟ್ಟೆಗೆಂದು ಉಳಿಸಿಕೊಂಡರು. ಅವಕ್ಕೆ ಸೇರಿದ್ದು ಮನೆಯ ಊರ ಹುಂಜ. ಆ ಮೊಟ್ಟೆಗಳನ್ನು ಊರ ಹೇಂಟೆಯ ಅಡಿಯಲ್ಲಿ ಇಟ್ಟು ಮರಿ ಮಾಡಿಸಿದರು. ಮೊದಲ ಸಲದ ಮರಿಗಳು ನಡುವಣ ಗಾತ್ರದವು; ಪರವಾಗಿಲ್ಲ ಎನ್ನಿಸಿತು. ಇನ್ನು ಈ ಸಣ್ಣ ಊರ ಕೋಳಿಗಳಿಗೆ ಕಾಳು ಹಾಕುವುದು ದಂಡ ಎಂದುಕೊಂಡು ಒಂದೊಂದಾಗಿ ಮಾರಿಬಿಟ್ಟರು. ಮುದಿ ಹೇಂಟೆಯೊಂದು ಮಾತ್ರ ಉಳಿಯಿತು. ಬಳಿಕ ಆ ನಡುವಣ ಗಾತ್ರದವೇ ತಮ್ಮತಮ್ಮೊಳಗೆ ಕೂಡಿ ಮೊಟ್ಟೆಯಿಟ್ಟವು. ಆ ಮೊಟ್ಟೆಯ ಮರಿಗಳೇ ನನ್ನ ಮುಂದೆ ಓಡಾಡುತ್ತಿದ್ದುದು. ಮರಿ ಮಾಡಿಸಿದ ಆ ಮುದಿ ಹೇಂಟೆಯನ್ನು ಅದರ ಮಧ್ಯೆ ಮುಂಗುಸಿ ಕೊಂಡೊಯ್ದಿತ್ತು. ಮಗಳ ಕಾಲೇಜಿನ ಬಸ್ಸು ಖರ್ಚು ಈ ಕೋಳಿಗಳಿಂದಲೇ ಹೊರಡುತ್ತಿತ್ತು. ಹಿಂಡಿ ಕೊಟ್ಟ ಅಂಗಡಿಯವನ ಮೇಲೆ ಅವರಿಗೆ ಅನುಮಾನ. ಯಾರದೋ ಕಣ್ಣು ಬಿದ್ದಿರಬಹುದೆಂಬ ಅನುಮಾನ. ಕಡೆಗೆ ತಮ್ಮ ಕೈಗುಣವೇ ಕೆಟ್ಟಿತೇ ಎಂಬ ಕೊರಗು. ಈ ಮೂರರಲ್ಲಿ ಯಾವುದೂ ಕಾರಣವಲ್ಲವೆಂದು ನಾನು ಹೇಳಿದೆ. ಏಕೆ ಅಲ್ಲ ಎಂದು ತಿಳಿಸುವುದಕ್ಕೆ ಮಾತ್ರ ಎರಡು ಸಲ ಚಹಾ ಕುಡಿಯಬೇಕಾಯಿತು.

ನಮ್ಮ ಕರಾವಳಿಯ ರೈತರಿಗೆ ಮೋಸವಾಗುವುದು ಭತ್ತದಿಂದ. ಎಂ. ಒ. 4 ಭತ್ತವನ್ನೇ ತೆಗೆದುಕೊಳ್ಳಿ. ಕೇರಳದ ಮಂಕೊಂಬಿನ ಸಂಶೋಧನಾ ಕೇಂದ್ರದಿಂದ ಬಂದ ತಳಿ ಅದು. ನಮ್ಮ ಗದ್ದೆಗಳಲ್ಲಿ ಮನೆಯದೇ ಎಂಬಷ್ಟು ಬಳಕೆಯಾಗಿದೆ. ಈ ವರ್ಷದ ಒಳ್ಳೆಯ ಕದಿರನ್ನು ಬೀಜಕ್ಕಿಟ್ಟರೆ ಬರುವ ವರ್ಷವೂ ಅದೇ ಭತ್ತ ಬರುತ್ತದೆ. ಏಕೆಂದರೆ ಭತ್ತ ಬಹುಮಟ್ಟಿಗೆ ತನ್ನ ಹೂವಿನಲ್ಲೇ ತಾನು ಗರ್ಭಕಟ್ಟುವ ಬೆಳೆ. ಹೊರಗಿನ ರಕ್ತ ಅದಕ್ಕೆ ಸೇರುವುದು ತೀರ ಕಡಿಮೆ. ಕೋಳಿಯ ಸಂಗತಿ ಹಾಗಲ್ಲ. ಒಂದೊಂದು ಮರಿಯೂ ಇಬ್ಬರ ಸೊತ್ತು. ಒಳ್ಳೆಯ ಹೇಂಟೆಯ ಮೊಟ್ಟೆ ಇಟ್ಟರೆ ಒಳ್ಳೆಯ ಹೇಂಟೆಯೇ ಬರುತ್ತದೆ ಎಂದು ಆ ಅಮ್ಮ ನಂಬಿದ್ದರಲ್ಲಿ ತಪ್ಪೇನೂ ಇಲ್ಲ. ಅವರು ಭತ್ತದ ಲೆಕ್ಕವನ್ನು ಕೋಳಿಗೆ ಹಾಕಿದ್ದರು, ಅಷ್ಟೆ.

ಗಿರಿರಾಜ ಎಂಬ ಕೋಳಿ ಹುಟ್ಟಿದ್ದು ಬೆಂಗಳೂರಿನ ಹೆಬ್ಬಾಳದಲ್ಲಿ, 1989ರಲ್ಲಿ. ಆಗ ಅಲ್ಲಿಯ ಪಶುವೈದ್ಯ ಕಾಲೇಜು ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಈಗ ಅದು ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಅಂಗವಾಗಿದೆ. ಫಾರಮ್ಮಿನ ಬಿಳಿ ಕೋಳಿ ಹಳ್ಳಿಯ ಅಂಗಳದಲ್ಲಿ ಬದುಕಲಾರದು, ಊರ ಕೋಳಿ ಬದುಕಿದರೂ ಬೆಳೆಯಲಾರದು. ಇವೆರಡರ ನಡುವೆ ದಾರಿಯೊಂದನ್ನು ಹುಡುಕಬೇಕೆಂದು ಅಲ್ಲಿಯ ವಿಜ್ಞಾನಿಗಳು ಹೊರಟರು. ಬೇರೆಬೇರೆ ವಿದೇಶೀ ತಳಿಗಳ ರಕ್ತವನ್ನು ಬೆರೆಸಿ, ಆರಿಸಿ, ಬಣ್ಣಬಣ್ಣದ ಗರಿಯ, ಮನೆಯ ಸುತ್ತ ಮೇಯುವ, ಮೈ ತುಂಬಿಕೊಳ್ಳುವ ಹಕ್ಕಿಯೊಂದನ್ನು ಸಿದ್ಧಪಡಿಸಿದರು. ವರ್ಷಕ್ಕೆ 140–150 ಮೊಟ್ಟೆಯನ್ನೂ ಅದು ಕೊಡುತ್ತದೆ. 2005ರಲ್ಲಿ ಅಲ್ಲಿಂದಲೇ ಸ್ವರ್ಣಧಾರಾ ಎಂಬ ಇನ್ನೊಂದು ತಳಿ ಹೊರಬಂತು. ಅದಕ್ಕೆ ಮೊಟ್ಟೆ ಹೆಚ್ಚು, ಮೈ ಗಿರಿರಾಜನಿಗಿಂತ ಹಗುರ, ಹಾಗಾಗಿ ಬೆಕ್ಕು ನರಿಗಳ ಬಾಯಿಂದ ತಪ್ಪಿಸಿಕೊಳ್ಳುವ ಚುರುಕೂ ಹೆಚ್ಚು. ಅಂಗಳದ ಕೋಳಿಗೆ ತೂಕವೊಂದೇ ಗುಣವಲ್ಲವೆಂದು ಹೆಬ್ಬಾಳದವರೂ ಅನುಭವದಿಂದಲೇ ಕಂಡುಕೊಂಡಂತಿದೆ.

ಇನ್ನು ವಂಶಗುಣದ ಮಾತು. ಗುಣಗಳನ್ನು ಹೊತ್ತು ತರುವ ಅತಿಸೂಕ್ಷ್ಮ ಅಂಶಗಳಿಗೆ ವಂಶವಾಹಿಗಳೆಂದು ಹೆಸರು; ಅವು ಜೋಡಿಜೋಡಿಯಾಗಿರುತ್ತವೆ, ಜೋಡಿಯಲ್ಲಿ ಒಂದು ತಂದೆಯದು, ಒಂದು ತಾಯಿಯದು. ಬಟಾಣಿ ಗಿಡದ ಮೇಲೆ ಪ್ರಯೋಗ ಮಾಡಿ ಗ್ರೆಗೊರ್ ಮೆಂಡೆಲ್ ಇದರ ನಿಯಮಗಳನ್ನು 1866ರಲ್ಲಿ ಪ್ರಕಟಿಸಿದ ಸಂಗತಿ ಶಾಲೆಯ ಮಕ್ಕಳಿಗೂ ಗೊತ್ತು. ಆ ನಿಯಮ ಪ್ರಾಣಿಗಳಿಗೂ ಒಪ್ಪುತ್ತದೆಂದು ಇಂಗ್ಲೆಂಡಿನ ವಿಲಿಯಂ ಬೇಟ್ಸನ್ 1902ರಲ್ಲಿ ತೋರಿಸಿಕೊಟ್ಟದ್ದು ಕೋಳಿಗಳ ಮೇಲೆ, ಅದೂ ಕೋಳಿಯ ಜುಟ್ಟನ್ನು ನೋಡಿ, ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಚಪ್ಪಟೆ ಜುಟ್ಟಿನ ಒಂದು ಜಾತಿಯನ್ನು ಗರಗಸದ ಹಲ್ಲಿನಂಥ ಜುಟ್ಟಿನ ಜಾತಿಯೊಡನೆ ಕೂಡಿಸಿದರೆ ಮರಿಗಳಿಗೆಲ್ಲ ಚಪ್ಪಟೆ ಜುಟ್ಟೇ ಬರುತ್ತದೆ. ಗರಗಸದ ಜುಟ್ಟು ಅಳಿಯಿತು ಎಂದುಕೊಳ್ಳುವಷ್ಟರಲ್ಲಿ ಮೊಮ್ಮಕ್ಕಳಲ್ಲಿ ನಾಲ್ಕರಲ್ಲಿ ಒಂದು ಪಾಲಿನಷ್ಟು ಮತ್ತೆ ಅದೇ ಗರಗಸ ಹೊತ್ತು ಬರುತ್ತವೆ. ಅಳಿದದ್ದಲ್ಲ, ಅಡಗಿದ್ದದ್ದು.

ಜುಟ್ಟಿನ ಆಕಾರವನ್ನು ಒಂದೆರಡು ವಂಶವಾಹಿಗಳು ನಿರ್ಧರಿಸುತ್ತವೆ. ತೂಕ ಹಾಗಲ್ಲ. ಎಲುಬಿನ ಉದ್ದ, ಮಾಂಸದ ತುಂಬು, ಕರುಳಿನ ಶಕ್ತಿ, ಹಸಿವು, ಕೊಬ್ಬು ಕೂಡುವ ಬಗೆ, ಇವೆಲ್ಲದರ ಒಟ್ಟು ಮೊತ್ತ ಅದು. ಬಹಳಷ್ಟು ವಂಶವಾಹಿಗಳು ತಲಾ ಸ್ವಲ್ಪಸ್ವಲ್ಪ ಪಾಲು ಹಾಕಿ ಈ ಮೊತ್ತ ಕೂಡುತ್ತದೆ. ಆ ಅಮ್ಮನಿಗೆ ನಾನು ಇಸ್ಪೀಟಿನ ಉದಾಹರಣೆ ಕೊಟ್ಟೆ. ಗಿರಿರಾಜನದು ಕೆಂಪು ಎಲೆಗಳು, ಊರ ಹುಂಜನದು ಕಪ್ಪು ಎಲೆಗಳು ಎಂದಿಟ್ಟುಕೊಳ್ಳಿ. ಮೊದಲ ತಲೆಮಾರಿನ ಪ್ರತಿಯೊಂದು ಮರಿಗೂ ಪ್ರತಿ ಜೋಡಿಯಲ್ಲೂ ಒಂದು ಕೆಂಪು, ಒಂದು ಕಪ್ಪು. ಆದ್ದರಿಂದ ಅವೆಲ್ಲ ಸುಮಾರಾಗಿ ಒಂದೇ ತೆರ, ಅದೂ ನಡುವಣ ಗಾತ್ರ. ಇವೇ ತಮ್ಮೊಳಗೆ ಕೂಡಿದಾಗ ಕಟ್ಟು ಪೂರ್ತಿ ಕಲೆಸಿಹೋಗುತ್ತದೆ. ಒಂದು ಮರಿಗೆ ಕೆಂಪು ಹೆಚ್ಚು, ಒಂದಕ್ಕೆ ಕಪ್ಪು ಹೆಚ್ಚು, ಒಂದಕ್ಕೆ ದೊಡ್ಡ ಎಲುಬಿನ ಎಲೆ ಬಂದು ಮಾಂಸದ ಎಲೆ ಬರಲಿಲ್ಲ. ಕೊಕ್ಕರೆಯೂ ಗುಬ್ಬಿಯೂ ಒಂದೇ ಹೆಡಿಗೆಯ ಅಡಿಯಿಂದ ಹೊರಡುವುದು ಹೀಗೆ. ಇದರ ಜೊತೆಗೆ ಇನ್ನೊಂದು ನಷ್ಟವೂ ಉಂಟು. ದೂರದ ರಕ್ತಗಳು ಮೊದಲ ಸಲ ಕೂಡಿದಾಗ ಮರಿಗಳಲ್ಲಿ ಒಂದು ವಿಶೇಷ ಕಸುವು ಕಾಣುತ್ತದೆ. ಮೊಟ್ಟೆ ಒಡೆಯುವ ಪ್ರಮಾಣದಲ್ಲಿ, ಮರಿ ಬದುಕಿ ಉಳಿಯುವುದರಲ್ಲಿ ಅದು ಹೆಚ್ಚು, ತೂಕದಲ್ಲಿ ಅಷ್ಟಿಲ್ಲ. ಮುಂದಿನ ತಲೆಮಾರಿಗೆ ಆ ಕಸುವೂ ಅರ್ಧಕ್ಕರ್ಧ ಇಳಿಯುತ್ತದೆ.

ರಕ್ತದ ಬಲ ಎಷ್ಟರಮಟ್ಟಿಗೆ ಎಂಬುದಕ್ಕೆ ಎರಡು ಪ್ರಯೋಗಗಳನ್ನು ಹೇಳುತ್ತೇನೆ. ಎರಡೂ ಅಮೆರಿಕದವು. ವರ್ಜೀನಿಯಾದಲ್ಲಿ ಪಾಲ್ ಸೀಗೆಲ್ ಎಂಬ ವಿಜ್ಞಾನಿ 1957ರಲ್ಲಿ ಒಂದೇ ಕೋಳಿ ಹಿಂಡನ್ನು ಎರಡು ಮಾಡಿ, ಒಂದರಲ್ಲಿ ಎಂಟು ವಾರಕ್ಕೆ ಹೆಚ್ಚು ತೂಗಿದವನ್ನು, ಇನ್ನೊಂದರಲ್ಲಿ ಕಡಿಮೆ ತೂಗಿದವನ್ನು ಆರಿಸುತ್ತ ಹೋದರು. ನಲವತ್ತು ತಲೆಮಾರು ದಾಟುವಷ್ಟರಲ್ಲಿ ದೊಡ್ಡವು ಚಿಕ್ಕವುಗಳ ಎಂಟು ಪಟ್ಟಿಗೂ ಮಿಕ್ಕಿ ತೂಗುತ್ತಿದ್ದವು. ವಿಚಿತ್ರವೆಂದರೆ ದೊಡ್ಡವಕ್ಕೆ ತಿಂದಷ್ಟೂ ಸಾಲದು, ತಿನಿಸನ್ನು ಕಟ್ಟಿಡಬೇಕು. ಚಿಕ್ಕವುಗಳಲ್ಲಿ ಕೆಲವಕ್ಕೆ ತಿನಿಸು ಎದುರಿಗಿದ್ದರೂ ಬೇಡ. ಅಂದರೆ ಬೆಳವಣಿಗೆಯ ವಂಶವಾಹಿ ಎಂದು ನಾವು ಹೇಳುವುದರಲ್ಲಿ ಒಂದು ದೊಡ್ಡ ಪಾಲು ಹಸಿವಿನದು. ಇನ್ನೊಂದು ಪ್ರಯೋಗ ಉತ್ತರ ಕ್ಯಾರೊಲೈನಾದ್ದು, 2003ರಲ್ಲಿ ಪ್ರಕಟವಾಯಿತು. 1957ರ ಕಾಲದ ಕೋಳಿಯ ರಕ್ತವನ್ನು ಬದಲಿಸದೆ ಕಾಪಾಡಿಕೊಂಡು ಬಂದಿದ್ದರು. ಅದಕ್ಕೆ 1957ರ ತಿನಿಸನ್ನೇ ಹಾಕಿ, 2001ರ ಬ್ರಾಯ್ಲರಿಗೆ 2001ರ ತಿನಿಸು ಹಾಕಿ ಬೆಳೆಸಿದರು. 42 ದಿನಕ್ಕೆ ಹಳೆಯದು 539 ಗ್ರಾಂ, ಹೊಸದು 2,672 ಗ್ರಾಂ. ತಿನಿಸುಗಳನ್ನು ಅದಲುಬದಲು ಮಾಡಿಯೂ ನೋಡಿದರು. ಈ ವ್ಯತ್ಯಾಸದಲ್ಲಿ ನೂರಕ್ಕೆ 85ರಿಂದ 90 ಪಾಲು ರಕ್ತದ್ದು, ಉಳಿದ 10–15 ಪಾಲು ಮಾತ್ರ ತಿನಿಸಿನದು ಎಂದು ಕಂಡುಬಂತು. ಪೇಟೆಯ ಕೋಳಿಗೆ ಏನೋ ಸೂಜಿ ಚುಚ್ಚಿ ಉಬ್ಬಿಸುತ್ತಾರೆ ಎಂದು ಊಟದ ಎಲೆಯ ಮುಂದೆ ಕುಳಿತು ವಾದಿಸುವವರನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಅವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಹಾಗೆಂದು ನಮ್ಮ ಹಿತ್ತಲು ಕ್ಯಾರೊಲೈನಾ ಅಲ್ಲ. ಒಂದೇ ಹಿಂಡಿನಲ್ಲಿ ಒಟ್ಟಿಗೆ ಬೆಳೆದ ಕೋಳಿಗಳ ನಡುವಣ ತೂಕದ ವ್ಯತ್ಯಾಸವನ್ನು ಅಳೆದರೆ, ಅದರಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ಮರಿಗಳಿಗೆ ದಾಟುವಂಥದ್ದು. ಮಿಕ್ಕದ್ದು ಜಾಗ, ಜಂತು, ಮಳೆ, ತಿನಿಸು, ಅದೃಷ್ಟ. ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ನಮ್ಮ ಮಳೆಯಲ್ಲಿ ಗೂಡಿನ ನೆಲ ಒದ್ದೆಯಾದರೆ ಮರಿಗಳಿಗೆ ರಕ್ತಭೇದಿ ತಗಲುತ್ತದೆ. ಬೇಸಗೆಗೆ ಕೊಕ್ಕರೆ ರೋಗ. ಆಗ ಯಾವ ವಂಶವಾಹಿಯೂ ಬೆಳೆಸಲಾರದು, ಲಸಿಕೆಯೇ ಬೇಕು. ದೊಡ್ಡ ಮೈಯ ಕೋಳಿ ದೊಡ್ಡ ಹಸಿವನ್ನೂ ಹೊತ್ತು ಹುಟ್ಟಿರುತ್ತದೆ. ಗೆದ್ದಲು, ಹುಳ, ಅನ್ನದ ಅಗಳು, ಇಷ್ಟರಲ್ಲೇ ಅದು ಬದುಕಬೇಕಾದರೆ ಊರ ಕೋಳಿಗೂ ಅದಕ್ಕೂ ಇರುವ ಅಂತರ ಬಹಳ ಕುಗ್ಗಿಹೋಗುತ್ತದೆ. ಸೆಕೆಯ ವಿಚಾರದಲ್ಲಿ ಮಾತ್ರ ಒಂದು ವಂಶವಾಹಿ ನಮ್ಮ ಕರಾವಳಿಗೆ ಹೇಳಿ ಮಾಡಿಸಿದಂತಿದೆ. ಕತ್ತಿನಲ್ಲಿ ಗರಿಯೇ ಇಲ್ಲದ, ನೋಡಲು ಅಷ್ಟೇನೂ ಅಂದವಿಲ್ಲದ ಕೋಳಿಗಳನ್ನು ಕೆಲವರು ಕಂಡಿರಬಹುದು. ಆ ಗುಣ ಒಂದೇ ಒಂದು ವಂಶವಾಹಿಯದು. ಒಬ್ಬರಿಂದ ಬಂದರೆ ಮೈಯ ಗರಿ ಸುಮಾರು ಐದರಲ್ಲೊಂದು ಪಾಲು ಕಡಿಮೆ, ಇಬ್ಬರಿಂದಲೂ ಬಂದರೆ ಐದರಲ್ಲೆರಡು ಪಾಲು ಕಡಿಮೆ. ಮೈಯ ಕಾವು ಹೊರಗೆ ಹೋಗುವುದರಿಂದ ಬಿಸಿಲಿನ ತಿಂಗಳುಗಳಲ್ಲೂ ಅದು ತಿನ್ನುತ್ತದೆ, ಬೆಳೆಯುತ್ತದೆ. ಉತ್ತರ ಪ್ರದೇಶದ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯವರು ಈ ಬೋಳು ಕತ್ತಿನ ರಕ್ತವನ್ನು ಸೇರಿಸಿ ಹಿಟ್‌ಕ್ಯಾರಿ ಎಂಬ ಮಿಶ್ರತಳಿಯನ್ನೇ ಮಾಡಿದ್ದಾರೆ.

ಆ ಅಮ್ಮ ಕೇಳಿದ ಇನ್ನೊಂದು ಪ್ರಶ್ನೆ ನನಗೆ ಬಹಳ ಹಿಡಿಸಿತು. ದೊಡ್ಡದು ಹುಂಜನಾದರೆ ಒಳ್ಳೆಯದೋ, ಹೇಂಟೆಯಾದರೆ ಒಳ್ಳೆಯದೋ ಎಂದು. ಎರಡರಲ್ಲೂ ಅರ್ಧ ರಕ್ತ ತಾನೇ, ಏನು ವ್ಯತ್ಯಾಸ ಎಂದು ಯಾರಿಗೂ ತೋರುತ್ತದೆ. ವ್ಯತ್ಯಾಸ ಉಂಟು. ಮೊದಲನೆಯದು ಮೊಟ್ಟೆ. ಮರಿ ಹುಟ್ಟುವಾಗಿನ ತೂಕ ಮೊಟ್ಟೆಯ ತೂಕದ ಮೂರರಲ್ಲೆರಡು ಪಾಲಿನಷ್ಟು. ಊರ ಹೇಂಟೆಯ ಸಣ್ಣ ಮೊಟ್ಟೆಯಿಂದ ಸಣ್ಣ ಮರಿಯೇ ಹೊರಡಬೇಕು, ತಂದೆ ಎಷ್ಟೇ ದೊಡ್ಡವನಿರಲಿ. ಆದರೆ ತಾಯಿಯ ಈ ಋಣ ಕೆಲವು ವಾರಗಳಲ್ಲಿ ಕ್ರಮೇಣ ಸವೆದುಹೋಗುತ್ತದೆ. ಆ ಮೇಲೆ ಮರಿ ತನ್ನ ರಕ್ತದಂತೆ ಬೆಳೆಯುತ್ತದೆ.

ಎರಡನೆಯದು ಇನ್ನೂ ಸೋಜಿಗದ್ದು. ಮನುಷ್ಯರಲ್ಲಿ ಗಂಡೋ ಹೆಣ್ಣೋ ಎಂಬುದು ತಂದೆಯಿಂದ ನಿಶ್ಚಯವಾದರೆ, ಕೋಳಿಗಳಲ್ಲಿ ಅದು ತಾಯಿಯಿಂದ. ವಂಶವಾಹಿಗಳನ್ನು ಪೋಣಿಸಿದ ಎಳೆಗಳಿಗೆ ವರ್ಣತಂತುಗಳೆನ್ನುತ್ತಾರೆ. ಹುಂಜನಿಗೆ ಜೆಡ್ ಎಂಬ ವರ್ಣತಂತು ಎರಡಿದ್ದರೆ ಹೇಂಟೆಗೆ ಒಂದೇ. ಆ ಒಂದೂ ಅವಳಿಗೆ ಬರುವುದು ತಂದೆಯಿಂದ. ಅಂದರೆ ಆ ತಂತುವಿನ ಮೇಲಿರುವ ಗುಣಗಳಲ್ಲಿ ಹೇಂಟೆ ಪೂರ್ತಿ ಅಪ್ಪನ ಮಗಳು. ಅಮೆರಿಕದ ಎಫ್. ಬಿ. ಹಟ್ ಎಂಬವರು 1959ರಲ್ಲಿ ವಿವರಿಸಿದ ಕುಳ್ಳುತನದ ವಂಶವಾಹಿಯೊಂದು ಇದೇ ತಂತುವಿನ ಮೇಲಿದೆ. ಮೈ ಬೆಳೆಸುವ ರಸವು ರಕ್ತದಲ್ಲಿ ಹರಿಯುತ್ತಿದ್ದರೂ ಅದನ್ನು ಹಿಡಿದುಕೊಳ್ಳುವ ಶಕ್ತಿ ಇಂಥ ಕೋಳಿಯ ಅಂಗಗಳಿಗೆ ಇರುವುದಿಲ್ಲ. ಕುಳ್ಳು ಹೇಂಟೆ ಕಡಿಮೆ ತಿನ್ನುತ್ತಾಳೆ, ಕಡಿಮೆ ಜಾಗ ಸಾಕು. ಅವಳಿಗೆ ಎತ್ತರದ ಹುಂಜ ಕೂಡಿದರೆ ಹೆಣ್ಣು ಮರಿಗಳಿಗೆ ಅಪ್ಪನ ತಂತುವೇ ಬಂದು ಎತ್ತರ, ಗಂಡು ಮರಿಗಳಲ್ಲೂ ಅಪ್ಪನ ಗುಣವೇ ಮೇಲುಗೈಯಾಗಿ ಬಹುತೇಕ ಎತ್ತರ. ತಾಯಿಯ ಖರ್ಚು ಕಡಿಮೆ, ಮರಿಯ ತೂಕಕ್ಕೆ ಕೊರತೆಯಿಲ್ಲ. ಫ್ರಾನ್ಸಿನವರು ಮಾಂಸದ ಕೋಳಿಯ ತಾಯಂದಿರಲ್ಲಿ ಈ ಉಪಾಯವನ್ನು ವ್ಯಾಪಾರಕ್ಕೇ ಬಳಸಿದರು.

ಆದಕಾರಣ ಊರ ಹೇಂಟೆ, ದೊಡ್ಡ ತಳಿಯ ಹುಂಜ ಎಂಬ ಜೋಡಿಯೇ ನಮ್ಮ ಅಂಗಳಕ್ಕೆ ಹೊಂದುವುದು. ಒಂದು ಹುಂಜ ಹತ್ತು ಹೇಂಟೆಗಳಿಗೆ ಸಾಕು. ಅಂಗಳದ ಎಲ್ಲ ಮರಿಗಳ ಅರ್ಧ ರಕ್ತ ಅವನೊಬ್ಬನದು. ಹಾಗಿರುವಾಗ ಹುಂಜನನ್ನು ಆರಿಸುವಾಗ ಬಣ್ಣವನ್ನೇ ನೋಡುವುದು ನಮ್ಮ ಕಡೆಯ ಹಳೆಯ ಚಾಳಿ. ಕೋಳಿ ಅಂಕದ ಮಂದಿ ಹುಂಜನ ಬಣ್ಣಕ್ಕೊಂದು ಹೆಸರು, ಹೆಸರಿಗೊಂದು ಗಳಿಗೆ ಎಂದು ಪಂಚಾಂಗವನ್ನೇ ಕಟ್ಟಿಕೊಂಡಿದ್ದರು. ಅಂಕಕ್ಕೆ ಈಗ ಕಾನೂನಿನ ಅಡ್ಡಿಯಿದೆ, ಇರಬೇಕಾದ್ದೇ. ಆದರೆ ತಲೆಮಾರುಗಳಿಂದ ನಮ್ಮ ಜನ ಕಾಲಿನ ಕಸುವಿಗೆ, ಕಣ್ಣಿನ ಕೆಚ್ಚಿಗೆ ಹುಂಜರನ್ನು ಆರಿಸಿದ್ದರೇ ಹೊರತು ಎಂಟು ವಾರದ ತೂಕಕ್ಕೆ ಯಾರೂ ಆರಿಸಲಿಲ್ಲ. ಊರ ಕೋಳಿ ಮೆಲ್ಲಗೆ ಬೆಳೆಯುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಊಹೆ. ಒಂದೇ ದಿನ ಒಡೆದ ಮರಿಗಳನ್ನು ಎಂಟು ವಾರಕ್ಕೆ ತಕ್ಕಡಿಯಲ್ಲಿಟ್ಟು, ಹೆಚ್ಚು ತೂಗಿದ್ದನ್ನು ಕಾಲಿಗೆ ದಾರ ಕಟ್ಟಿ ಉಳಿಸಿಕೊಳ್ಳುವುದು ಕಷ್ಟದ ಕೆಲಸವಲ್ಲ. ಒಂದೇ ಹುಂಜನನ್ನು ನಾಲ್ಕೈದು ವರ್ಷ ಇಟ್ಟುಕೊಂಡರೆ ಮಾತ್ರ ಅವನು ತನ್ನ ಮಕ್ಕಳನ್ನೇ ಕೂಡಿ ಹಿಂಡು ಬಡವಾಗುತ್ತದೆ. ಬೇರೆ ಊರಿನ ನೆಂಟರೊಡನೆ ಬದಲಿಸಿಕೊಳ್ಳಬೇಕು.

ಊರ ಹೇಂಟೆಯನ್ನು ಸಣ್ಣದೆಂದು ಮಾರಿದವರು ಕಳೆದುಕೊಂಡದ್ದು ಏನು? ಮೊದಲನೆಯದಾಗಿ ಕಾವು. ಮೊಟ್ಟೆ ಹೆಚ್ಚಬೇಕೆಂದು ಆರಿಸಿದ ತಳಿಗಳಲ್ಲೆಲ್ಲ ಕಾವಿಗೆ ಕೂರುವ ಬುದ್ಧಿಯೇ ಅಳಿಸಿಹೋಗಿದೆ. ಗಿರಿರಾಜ ಹೇಂಟೆ ಮೊಟ್ಟೆಯಿಟ್ಟು ಎದ್ದು ನಡೆಯುತ್ತಾಳೆ. ಆ ಮೊಟ್ಟೆಯ ಮೇಲೆ 21 ದಿನ ಕುಳಿತು, ಹದ್ದು ಎರಗಿದಾಗ ರೆಕ್ಕೆ ಹರಡಿ ಮರಿಗಳನ್ನು ಅಡಗಿಸುವವಳು ಊರ ಹೇಂಟೆಯೇ. ಇನ್ನೂ ಹಿಂದಕ್ಕೆ ಹೋದರೆ, ಕೋಳಿಯ ಮೂಲ ಕೆಂಪು ಕಾಡುಕೋಳಿ ಎಂದು ಬಹಳ ಕಾಲದಿಂದ ನಂಬಿದ್ದೇವೆ. ಆದರೆ ಹಳದಿ ಕಾಲು, ಹಳದಿ ಚರ್ಮದ ವಂಶವಾಹಿ ಅದರದಲ್ಲ, ಬೂದು ಕಾಡುಕೋಳಿಯದು ಎಂದು ಸ್ವೀಡನ್ನಿನ ವಿಜ್ಞಾನಿಗಳು 2008ರಲ್ಲಿ ಕಂಡುಹಿಡಿದರು. ಆ ಬೂದು ಕಾಡುಕೋಳಿ ದಕ್ಷಿಣ ಭಾರತದ ಕಾಡುಗಳದು. ಕೊಲ್ಲೂರಿನ ಘಟ್ಟದ ಅಂಚಿನಲ್ಲಿ ಬೆಳಗಿನ ಜಾವ ಕೂಗುವುದೂ ಅದೇ. ಲೋಕದ ಫಾರಂ ಕೋಳಿಗಳ ಹಳದಿ ಕಾಲಿನಲ್ಲಿ ನಮ್ಮ ಕಾಡಿನ ಹಕ್ಕಿಯ ಒಂದು ಎಳೆ ಸೇರಿದೆ ಎಂದಾಯಿತು. ಅಂಗಳದ ಊರ ಕೋಳಿಯ ಮೈಯಲ್ಲಿ ಇನ್ನೂ ಯಾವ ಯಾವ ಎಳೆಗಳು ಅಡಗಿವೆಯೋ ಯಾರು ಬಲ್ಲರು. ಸಿಕ್ಕಸಿಕ್ಕ ಹುಂಜನೊಡನೆ ಬೆರೆಸುತ್ತ ಹೋದರೆ ಅವನ್ನು ಮತ್ತೆ ಬೇರ್ಪಡಿಸಲು ಬಾರದು.

ಹೀಗೆಲ್ಲ ಹೇಳಿ ಎದ್ದು ಬಂದೆ. ಮರಿಯನ್ನು ಪ್ರತಿ ಸಲ ಹೊಸದಾಗಿ ತಂದು ಸಾಕಿ, ಮನೆಯ ಮೊಟ್ಟೆಯಿಂದ ಗಿರಿರಾಜನನ್ನು ನಿರೀಕ್ಷಿಸಬೇಡಿ; ಊರ ಕೋಳಿಗಳನ್ನು ಬೇರೆಯಾಗಿಯೇ ಇಡಿ, ಎಂದಿದ್ದೆ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ನೋಡಿ ಎಂದೂ ತಿಳಿಸಿದ್ದೆ. ಅವರು ಒಪ್ಪಿದರೋ ಇಲ್ಲವೋ ಆಗ ತಿಳಿಯಲಿಲ್ಲ.

ಮರುವರ್ಷ ಮಳೆ ಬಿಟ್ಟ ಮೇಲೆ ಆ ದಾರಿಯಾಗಿ ಹೋಗುವಾಗ ಒಳಗೆ ಕರೆದರು. ತವರಿನಿಂದ ಒಂದು ಊರ ಹೇಂಟೆಯನ್ನೂ ಹುಂಜನನ್ನೂ ತಂದಿದ್ದರು. ಕೊಟ್ಟಿಗೆಯ ಮೂಲೆಯಲ್ಲಿ, ಹೆಡಿಗೆಯೊಳಗೆ, ಹೇಂಟೆ ಕಾವಿಗೆ ಕುಳಿತಿತ್ತು. ಮೆಲ್ಲಗೆ ಅದನ್ನು ಎತ್ತಿ ತೋರಿಸಿದರು. ಅಡಿಯಲ್ಲಿ ಒಂಬತ್ತು ಮೊಟ್ಟೆ; ಅದರಲ್ಲಿ ನಾಲ್ಕಕ್ಕೆ ಇದ್ದಲಿನಿಂದ ಗೆರೆ ಎಳೆದಿತ್ತು. “ಗೆರಿ ಇದ್ದದ್ ಊರಿಂದ್, ಇಲ್ದೇ ಇದ್ದದ್ ದೊಡ್ದ್ರದ್ದ್” ಎಂದು ಹೇಳಿ, ಹೇಂಟೆಯನ್ನು ಮತ್ತೆ ಅವುಗಳ ಮೇಲೆ ಕೂರಿಸಿದರು.